ಎತ್ತಿ ಕಟ್ಟಿದ ಸರಳು

ಆಸ್ಪತ್ರೆಗಳಿಂದ ಲಾಂಡ್ರಿಗೆ ಲಾರಿ ತುಂಬ ಬರುವ ಚಾದರಗಳು ಒಣಗಿದ ರಕ್ತಕ್ಕೆ ರಟ್ಟಿನ ಹಾಗೆ ಗಟ್ಟಿಯಾಗಿರುತ್ತಿದ್ದವು. ಅವನ್ನು ಕೊಡವಿ, ಬೇರೆ ಮಾಡಿ, ಒಗೆಯುವ ತೊಟ್ಟಿಗೆ ಹಾಕುವವರು ಗಡಿಯವರು. ಕೈಗವಸು ಕೇಳಿದರೆ "ಬರುತ್ತೆ, ಬರುತ್ತೆ" ಎಂಬ ಮಾತು ಬರುತ್ತಿತ್ತು, ಕೈಗವಸು ಬರುತ್ತಿರಲಿಲ್ಲ. ಬ್ಲೀಚಿನ ಘಾಟಿಗೆ ಅವರ ಕಣ್ಣು ಸದಾ ಕೆಂಪು. ಬೆರಳ ಸಂದಿಯ ಚರ್ಮ ಸುಲಿದು, ಊಟಕ್ಕೆ ಕೂತರೆ ಉಪ್ಪು ತಾಗಿ ಉರಿಯುತ್ತಿತ್ತು. ಒಗೆದು ಹಿಂಡಿದ ಚಾದರ ಇಸ್ತ್ರಿ ಮನೆಗೆ ಬಂದ ಮೇಲೆ ಹಡಗಿನವರ ಕೈ ಸೇರುತ್ತಿತ್ತು. ಅಲ್ಲಿ ಸೆಕೆ ಇತ್ತು, ಆದರೆ ರಕ್ತ ಇರಲಿಲ್ಲ.

ಈ ಎರಡು ಗುಂಪಿನವರೂ ಹೊಟ್ಟೆಪಾಡಿಗೆ ಹುಟ್ಟಿದ ನೆಲ ಬಿಟ್ಟು ಬಂದವರೇ. ಹಡಗಿನವರು ಒಂದು ತಲೆಮಾರು ಮೊದಲು ಸಮುದ್ರ ದಾಟಿ ಬಂದರು. ಗಡಿಯವರು ಮೊನ್ನೆ ಮೊನ್ನೆ, ತಮ್ಮ ಕಡೆ ಗಲಭೆಯಾದಾಗ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಗಡಿ ದಾಟಿ ನಡೆದೇ ಬಂದರು. ಹಡಗಿನವರಿಗೆ ಲಾಂಡ್ರಿಯ ಹಿಂದೆ ಸಾಲು ಮನೆಗಳಿದ್ದವು. ಚಿಲಕವಿರುವ ಬಾಗಿಲು, ಮನೆಯೊಳಗೇ ನಲ್ಲಿ, ಗುರುತಿನ ಚೀಟಿ, ಮಕ್ಕಳಿಗೆ ಶಾಲೆ. ಕಾಯಿಲೆ ಬಿದ್ದರೆ ರಜೆ. ಗಡಿಯವರಿಗೆ ತೊಟ್ಟಿಗಳ ಮೇಲಿನ ಅಟ್ಟ. ಹಲಗೆ ಹೊಡೆದು ಮಾಡಿದ ಗೂಡುಗಳು, ಗೂಡಿಗೊಂದು ಸಂಸಾರ. ಕೆಳಗಿನ ಹಬೆ ಹಲಗೆಯ ಸಂದಿನಿಂದ ಮೇಲೇರಿ ಹಾಸಿಗೆ ಸದಾ ತೇವ. ಕಾಯಿಲೆ ಬಿದ್ದರೆ ಆ ಗೂಡಿಗೆ ಬೇರೆಯವರು ಬರುತ್ತಿದ್ದರು.

ಹಡಗಿನವರ ಬದುಕೇನು ಸುಖದ ಸುಪ್ಪತ್ತಿಗೆಯಲ್ಲ. ಆದರೆ ಮಾಲೀಕ ಆಗಾಗ ಇಸ್ತ್ರಿ ಮನೆಗೆ ಬಂದು, "ನಿಮ್ಮನ್ನೂ ಅವರನ್ನೂ ಒಂದೇ ತಕ್ಕಡೀಲಿ ತೂಗೋಕಾಗುತ್ತಾ? ನೀವು ನಮ್ಮ ಮನೆ ಜನ" ಎನ್ನುತ್ತಿದ್ದ. ಕೇಳಿದವರು ಬೆವರು ಒರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ತೊಟ್ಟಿಯ ಹತ್ತಿರ ಹೋಗಿ ಅದೇ ಮಾಲೀಕ, "ಹಡಗಿನವರನ್ನ ನೋಡಿ ಕಲೀರಿ. ಬಾಯಿ ಮುಚ್ಕೊಂಡು ದುಡಿದ್ರು, ಮನೆ ಸಿಕ್ತು" ಎನ್ನುತ್ತಿದ್ದ.

ಇಸ್ತ್ರಿ ಮನೆಯಲ್ಲಿದ್ದ ಗಡಿಯವಳು ಒಬ್ಬಳೇ. ದೊಡ್ಡ ರೋಲರಿಗೆ ಚಾದರ ಕೊಡಲು ಇಬ್ಬರು ಬೇಕು. ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಅಂಚು ಒಂದಿಷ್ಟೂ ಸೊಟ್ಟಗಾಗದಂತೆ, ಕಾದು ತಿರುಗುವ ಉರುಳೆಗಳ ಬಾಯಿಗೆ ಕೊಡಬೇಕು. ಜೊತೆಯವಳು ಮೊಣಕಾಲು ನೋವೆಂದು ಕೆಲಸ ಬಿಟ್ಟಾಗ, ಕೈಚುರುಕು ನೋಡಿ ಇವಳನ್ನು ತೊಟ್ಟಿಯಿಂದ ಕರೆತಂದಿದ್ದರು. ಆ ತುದಿಯಲ್ಲಿ ಹಡಗಿನವರ ಹೆಂಗಸು, ಆಳೆತ್ತರದವಳು. ಈ ತುದಿಯಲ್ಲಿ ಇವಳು, ಅವಳ ಭುಜದಷ್ಟೂ ಇಲ್ಲ. ಮೊದಲ ದಿನವೇ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಅವಳು ಉದ್ದಕ್ಕ, ಇವಳು ಗಿಡ್ಡಿ.

"ಅಕ್ಕಾ, ಸ್ವಲ್ಪ ಬಗ್ಗು. ಚಾದರ ನಿನ್ನ ಕಡೆ ಗುಡ್ಡ, ನನ್ನ ಕಡೆ ಹಳ್ಳ ಆಗ್ತಿದೆ" ಎಂದಿದ್ದಳು ಗಿಡ್ಡಿ.

"ನಾನ್ಯಾಕೆ ಬಗ್ಗಲಿ? ನೀನೊಂದು ಮಣೆ ಹಾಕ್ಕೊಂಡು ನಿಂತ್ಕೋ."

ಗಿಡ್ಡಿ ನಿಜವಾಗಿಯೂ ಒಂದು ಮಣೆ ತಂದು ಹಾಕಿಕೊಂಡಳು. ಮಾತಿಲ್ಲದೆಯೇ ಇಬ್ಬರ ಕೈ ಹೊಂದಿಕೊಂಡವು. ಗಿಡ್ಡಿಯ ಪುಟ್ಟ ಮಗಳು ಒಗೆದ ಬಟ್ಟೆಯ ಬುಟ್ಟಿಯೊಳಗೆ ಮಲಗಿರುತ್ತಿದ್ದಳು. ಎದ್ದು ಅತ್ತರೆ ಮೊದಲು ಕೇಳುತ್ತಿದ್ದುದು ಉದ್ದಕ್ಕನಿಗೇ.

ಉದ್ದಕ್ಕನ ಮನೆಯಲ್ಲಿ ಮಾತ್ರ ಇದಕ್ಕೆ ಒಪ್ಪಿಗೆ ಇರಲಿಲ್ಲ. "ಆ ಅಟ್ಟದವಳ ಜೊತೆ ಹಲ್ಲು ಕಿರಿದುಕೊಂಡು ನಿಂತಿರ್ತೀಯಂತೆ. ಕೈ ತೊಳ್ಕೊಂಡು ಒಳಗೆ ಬಾ" ಎನ್ನುತ್ತಿದ್ದಳು ಅತ್ತೆ. ಗಂಡ ಇಸ್ತ್ರಿ ಮನೆಯ ಮೇಸ್ತ್ರಿ. ಮೃದು ಮನುಷ್ಯ. ತಾಯಿಗೂ ಹೂಂ, ಹೆಂಡತಿಗೂ ಹೂಂ, ಮಾಲೀಕನಿಗಂತೂ ಕೇಳುವ ಮೊದಲೇ ಹೂಂ.

ಆ ವರ್ಷ ಮಾಲೀಕ ಇನ್ನಷ್ಟು ಆಸ್ಪತ್ರೆಗಳ ಗುತ್ತಿಗೆ ಹಿಡಿದ. ಚಾದರದ ಗುಡ್ಡ ಕರಗಲೇ ಇಲ್ಲ. ರೋಲರಿನ ಬಾಯಿಗೆ ಅಡ್ಡವಾಗಿ ಒಂದು ಸರಳಿತ್ತು. ಬೆರಳು ತಾಗಿದರೆ ಸಾಕು, ಯಂತ್ರ ನಿಂತುಬಿಡುತ್ತಿತ್ತು. ಅದಕ್ಕೆಂದೇ ಇಟ್ಟ ಸರಳು. ಆದರೆ ಚಾದರದ ದಪ್ಪ ಮಡಿಕೆ ತಾಗಿದರೂ ನಿಲ್ಲುತ್ತಿತ್ತು. ನಿಂತರೆ ಮತ್ತೆ ಕಾಯಿಸಬೇಕು, ಮತ್ತೆ ಹೊರಡಿಸಬೇಕು.

ಒಂದು ಬೆಳಿಗ್ಗೆ ಮಾಲೀಕ ರೋಲರಿನ ಮುಂದೆಯೇ ನಿಂತು ಮೇಸ್ತ್ರಿಗೆ ಹೇಳಿದ: "ಈ ಸರಳಿನ ಕಾಟ ನಾನು ಇನ್ನೊಂದು ಸಲ ಕೇಳಬಾರದು. ಏನು ಮಾಡ್ತೀಯೋ, ಅದು ನಿನಗೆ ಬಿಟ್ಟಿದ್ದು."

ಮೇಸ್ತ್ರಿ ಹರಿದ ಚಾದರದಿಂದ ಒಂದು ಉದ್ದನೆಯ ಪಟ್ಟೆ ಸೀಳಿಕೊಂಡ. ಸ್ಟೂಲು ಹತ್ತಿ ಸರಳನ್ನು ಮೇಲಕ್ಕೆತ್ತಿ ಕಟ್ಟಿದ.

"ರೀ, ಇದು ಸರಿನಾ?" ಎಂದಳು ಉದ್ದಕ್ಕ ಮೆಲ್ಲಗೆ.

"ಹುಷಾರಾಗಿ ಕೆಲಸ ಮಾಡಿದ್ರೆ ಏನೂ ಆಗಲ್ಲ ಕಣೆ. ಸುಮ್ನಿರು."

ಉದ್ದಕ್ಕ ಸುಮ್ಮನಾದಳು. ಗಿಡ್ಡಿ ಆಗ ಮಗುವಿಗೆ ಹಾಲು ಕುಡಿಸಲು ಹೋಗಿದ್ದಳು. ಬಂದ ಮೇಲೂ ಯಾರೂ ಅವಳಿಗೆ ಹೇಳಲಿಲ್ಲ; ತಲೆಗಿಂತ ಎಷ್ಟೋ ಮೇಲೆ ಕಟ್ಟಿದ್ದ ಸರಳು ಹಬೆಯಲ್ಲಿ ಅವಳ ಕಣ್ಣಿಗೆ ಬೀಳಲೂ ಇಲ್ಲ.

ಅಂದು ಮಧ್ಯಾಹ್ನ ಹರಿದ ಚಾದರವೊಂದರ ನೂಲು ಗಿಡ್ಡಿಯ ಬಲಗೈಗೆ ಸುತ್ತಿಕೊಂಡಿತು. ಅವಳು ಕೈ ಎಳೆದುಕೊಳ್ಳಲು ನೋಡಿದಳು. ಉರುಳೆ ಅವಳಿಗಿಂತ ಬಲವಾಗಿ ಎಳೆಯಿತು. ಆ ಕೂಗನ್ನು ಕೇಳಿದವರು ಅದರ ಬಗ್ಗೆ ಇಂದಿಗೂ ಮಾತಾಡುವುದಿಲ್ಲ. ಉದ್ದಕ್ಕ ಓಡಿಹೋಗಿ ಗೋಡೆಯ ಸ್ವಿಚ್ಚು ಆರಿಸುವಷ್ಟರಲ್ಲಿ ಮಣಿಕಟ್ಟಿನವರೆಗೂ ಒಳಗೆ ಹೋಗಿತ್ತು. ಆ ಕಡೆಯಿಂದ ಚಾದರ ನೀಟಾಗಿ ಇಸ್ತ್ರಿಯಾಗಿ, ಕೆಂಪಾಗಿ ಹೊರಗೆ ಬಂತು.

ಆಸ್ಪತ್ರೆಯಲ್ಲಿ ಅಂಗೈ ಕತ್ತರಿಸಿ ತೆಗೆದರು.

ಉದ್ದಕ್ಕ ನೋಡಲು ಹೋದಾಗ ಗಿಡ್ಡಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಮೇಲೆ ತಿರುಗಿದಳು.

"ಅಕ್ಕಾ, ನನ್ನದೇ ತಪ್ಪು ಇರಬೇಕು. ಹಿಂದಿನ ರಾತ್ರಿ ಮಗು ನಿದ್ದೆ ಮಾಡೋಕೆ ಬಿಟ್ಟಿರಲಿಲ್ಲ. ನನಗೇ ಮಂಪರು ಬಂದಿರಬೇಕು. ಇಲ್ಲದಿದ್ರೆ ಸರಳು ಯಾಕೆ ತಾಗಲಿಲ್ಲ? ಕೈ ಒಳಗೆ ಹೋಗೋ ಮೊದಲು ಸರಳು ತಾಗಲೇಬೇಕಲ್ಲ ಅಕ್ಕಾ?"

ಉದ್ದಕ್ಕ ತಂದಿದ್ದ ಹಾಲನ್ನು ಕುಡಿಸಿ, ಬಾಯಿ ಒರೆಸಿ, ಎದ್ದು ಬಂದಳು. ದಾರಿಯುದ್ದಕ್ಕೂ ಆ ಪ್ರಶ್ನೆ ಅವಳ ಬೆನ್ನ ಹಿಂದೆಯೇ ನಡೆದು ಬಂತು.

ಕಾರ್ಮಿಕ ಇಲಾಖೆಯ ಅಧಿಕಾರಿ ತನಿಖೆಗೆ ಬರುತ್ತಾನೆಂದು ಸುದ್ದಿಯಾಯಿತು. ಮಾಲೀಕ ಹಡಗಿನವರನ್ನೆಲ್ಲ ಕರೆದು ಕೂರಿಸಿದ. ಅಷ್ಟರಲ್ಲಿ ಸರಳಿನ ಕಟ್ಟು ಬಿಚ್ಚಿಯಾಗಿತ್ತು.

"ಲಾಂಡ್ರಿ ಮುಚ್ಚಿದ್ರೆ ಅವರಿಗೇನು? ಗಂಟು ಕಟ್ಕೊಂಡು ಇನ್ನೊಂದು ಕಡೆ ಹೋಗ್ತಾರೆ. ನಿಮಗೆ ಮನೆ ಇದೆ, ಮಕ್ಕಳ ಶಾಲೆ ಇದೆ. ಆ ಹುಡುಗಿ ತಾನೇ ಸರಳು ಎತ್ತಿದಳು ಅಂತ ಹೇಳಿ. ಸುಳ್ಳೇನಲ್ಲ. ಅವರ ಜನಕ್ಕೆ ಯಂತ್ರದ ಮರ್ಯಾದೆ ಎಲ್ಲಿ ಗೊತ್ತು?"

ಮನೆಗೆ ಬಂದ ಮೇಲೆ ಮೇಸ್ತ್ರಿ ಹೆಂಡತಿಯ ಎದುರು ನೆಲದ ಮೇಲೇ ಕೂತುಬಿಟ್ಟ. "ಕಟ್ಟಿದ್ದು ನನ್ನ ಕೈ. ನಿಜ ಹೇಳಿದ್ರೆ ಒಳಗೆ ಹೋಗೋನು ನಾನು. ಅಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯ? ಯೋಚನೆ ಮಾಡು."

"ನೀವು ಊಟ ಮಾಡಿ" ಎಂದಳು ಉದ್ದಕ್ಕ.

ಅಧಿಕಾರಿ ಬಂದ. ಮಾಲೀಕನ ಕುರ್ಚಿಯಲ್ಲೇ ಕೂತ. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ, ತಲೆ ತಗ್ಗಿಸಿ, ಹೇಳಿಕೊಟ್ಟ ಮಾತು ಹೇಳಿ ಬಂದರು. ಉದ್ದಕ್ಕನ ಸರದಿ ಬಂತು. ಬಾಗಿಲ ಪಕ್ಕ ಮೇಸ್ತ್ರಿ ನಿಂತಿದ್ದ. ಅವನ ಮುಖ ನೋಡಿದರೆ ಮಾತು ಹೊರಡುವುದಿಲ್ಲವೆಂದು ಅವಳು ಕಿಟಕಿಯ ಕಡೆ ನೋಡಿದಳು.

"ಸರಳು ಎತ್ತಿದ್ದು ಅವಳಲ್ಲ ಸಾರ್. ನನ್ನ ಗಂಡ ಕಟ್ಟಿದ್ದು. ನಾನು ಪಕ್ಕದಲ್ಲೇ ಇದ್ದೆ. ಕಟ್ಟಿಸಿದ್ದು ಯಜಮಾನರು."

ಮಾಲೀಕ ನಕ್ಕ. "ನಾನು ಕಟ್ಟು ಅಂದ್ನಾ? ಯಾವಾಗ ಅಂದೆ?"

"'ಈ ಸರಳಿನ ಕಾಟ ಇನ್ನೊಂದು ಸಲ ಕೇಳಬಾರದು, ಏನು ಮಾಡ್ತೀಯೋ ನಿನಗೆ ಬಿಟ್ಟಿದ್ದು' ಅಂದ್ರಿ. ನನ್ನ ಕಿವಿಯಾರೆ ಕೇಳಿದೀನಿ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. "ಇದರಲ್ಲಿ ಕಟ್ಟು ಅನ್ನೋ ಮಾತು ಎಲ್ಲಿದೆಯಮ್ಮ?"

"ಅದರ ಅರ್ಥ ಅದೇ ಅಲ್ವಾ ಸಾರ್? ನಿಮಗೂ ಗೊತ್ತಾಗುತ್ತಲ್ಲ?"

"ಅರ್ಥ ನಂಗೆ ಬೇಡ. ಮಾತು ಬೇಕು."

ಹೀಗೆ ಅವಳ ನಿಜದ ಅರ್ಧವನ್ನು ಕಾನೂನು ಎತ್ತಿಕೊಂಡಿತು, ಇನ್ನರ್ಧವನ್ನು ಅಲ್ಲೇ ಬಿಟ್ಟು ಹೋಯಿತು. ಪೊಲೀಸರು ಬಂದು ಮೇಸ್ತ್ರಿಯನ್ನು ಜೀಪಿಗೆ ಹತ್ತಿಸಿದರು. ಅವನು ಕಂಬಿ ಹಿಡಿದುಕೊಂಡು ಹೆಂಡತಿಗೆ ಅಂದ: "ಹೇಳೇಬಿಟ್ಟೆಯಲ್ಲೇ."

"ಹೂಂ."

"ಬೈಯೋಕೂ ಬಾಯಿ ಬರ್ತಿಲ್ಲ. ಅಮ್ಮನ ಮಾತ್ರೆ ಮುಗಿದಿದೆ, ಮರೀಬೇಡ" ಎಂದ. ಜೀಪು ಹೊರಟಿತು. ಅವಳು ಧೂಳಿನಲ್ಲಿ ನಿಂತು ಅತ್ತಳು. ಸಾಲು ಮನೆಯ ಒಂದು ಹೆಣ್ಣೂ ಹತ್ತಿರ ಬರಲಿಲ್ಲ.

ಮಾಲೀಕ ಜಾಣ. ಗಡಿಯವರು ಗುಂಪು ಕಟ್ಟುವ ಮೊದಲೇ ಗಿಡ್ಡಿಯ ಗಂಡನನ್ನು ಕರೆಸಿದ. ತೊಟ್ಟಿಯಲ್ಲಿ ಬ್ಲೀಚು ಕಲಸಿ ಕಲಸಿ ಎದೆ ಕಟ್ಟಿದ್ದ ಆ ಮನುಷ್ಯನಿಗೆ ಮೇಸ್ತ್ರಿಯ ಕೆಲಸ ಕೊಟ್ಟ. ಮೇಸ್ತ್ರಿಯ ಮನೆಯ ಬೀಗದ ಕೈಯನ್ನೂ ಕೊಟ್ಟ. "ಹಡಗಿನವರ ಕೊಬ್ಬು ನೋಡಿದೆಯಲ್ಲ? ಇನ್ನು ಮೇಲೆ ನೀವೇ ನಮ್ಮ ಮನೆ ಜನ" ಎಂದ. ಗಿಡ್ಡಿಗೆ ಎಡಗೈಯಲ್ಲಿ ಕಸ ಗುಡಿಸುವ ಕೆಲಸ. ಉದ್ದಕ್ಕನಿಗೆ ರಕ್ತದ ಚಾದರ ಬೇರೆ ಮಾಡುವ ಕೆಲಸ, ಇರಲು ಅಟ್ಟದ ಗೂಡು.

ಅಟ್ಟದ ಮೆಟ್ಟಿಲು ಕಿರಿದು. ಉದ್ದಕ್ಕ ಗಂಟು ಹೊತ್ತು, ಅತ್ತೆಯ ಕೈ ಹಿಡಿದು ಹತ್ತುತ್ತಿದ್ದಳು. ಮೇಲಿನಿಂದ ಗಿಡ್ಡಿ ಮಗುವನ್ನು ಎಡಕಂಕುಳಲ್ಲಿ ಎತ್ತಿಕೊಂಡು ಇಳಿಯುತ್ತಿದ್ದಳು. ನಡುವೆ ಇಬ್ಬರೂ ನಿಂತರು.

"ಅಕ್ಕಾ, ಆ ಮನೆಗೆ ನಾನು ಹೇಗೆ ಕಾಲಿಡಲಿ?"

"ಇಡು. ಮಗೂಗೆ ಒಣ ನೆಲ ಸಿಗುತ್ತೆ. ನಲ್ಲಿ ಸೋರುತ್ತೆ, ಬಿಗಿಯಾಗಿ ತಿರುಗಿಸು."

ಗಿಡ್ಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಮೇಲೆ ಹಿಂದಿನಿಂದ ಹೇಳಿದಳು: "ನಿನ್ನ ಗಂಡನ್ನ ನಾನು ಕ್ಷಮಿಸಲ್ಲ. ಅವತ್ತು ಸುಮ್ನಿದ್ದದ್ದಕ್ಕೆ ನಿನ್ನನ್ನೂ."

"ಬೇಡ. ನಾನೂ ಕೇಳಲ್ಲ" ಎಂದಳು ಉದ್ದಕ್ಕ. ಅವಳ ಕಣ್ಣೀರು ಗಂಟಿನ ಮೇಲೆ ಬಿತ್ತು.

ಅಟ್ಟ ಹತ್ತಿದ ಅತ್ತೆ ಗೂಡನ್ನು ನೋಡಲಿಲ್ಲ. ನೇರವಾಗಿ ಹಿಂಗೋಡೆಯ ಹತ್ತಿರ ಹೋಗಿ ಕೈಯಿಂದ ತಡವಿದಳು. "ಇಲ್ಲೊಂದು ಕಿಟಕಿ ಇತ್ತು. ಮುಚ್ಚಿಬಿಟ್ಟಿದಾರೆ."

"ನಿಮಗೆ ಹೇಗೆ ಗೊತ್ತು ಅತ್ತೆ?"

"ನಿನ್ನ ಗಂಡನ್ನ ಹೆತ್ತದ್ದು ಇದೇ ಕಿಟಕಿ ಕೆಳಗೆ. ಹಡಗು ಇಳಿದ ಮೇಲೆ ನಮ್ಮನ್ನ ತಂದು ತುಂಬಿದ್ದು ಇಲ್ಲೇ. ಅವಾಗ ಕೆಳಗಿನ ಮನೆಗಳಲ್ಲಿ ಇನ್ಯಾರೋ ಇದ್ರು. ನಮ್ಮನ್ನ ಕಂಡ್ರೆ ಮೂಗು ಮುಚ್ಕೋತಿದ್ರು." ಮುದುಕಿ ಗೋಡೆಗೆ ಒರಗಿ ಕೂತಳು. "ಈ ಮಾತು ನಿನ್ನ ಗಂಡನಿಗೂ ಹೇಳಿರಲಿಲ್ಲ. ನಾಚಿಕೆ ಅನ್ನಿಸ್ತಿತ್ತು."

ಮರುದಿನದಿಂದ ಉದ್ದಕ್ಕನ ಪಕ್ಕದ ಗಡಿಯ ಹೆಂಗಸರು ಅವಳಿಗೆ ಚಾದರ ಹೇಗೆ ಹಿಡಿಯಬೇಕೆಂದು ಕಲಿಸಿದರು. ಸೂಜಿ, ಬ್ಲೇಡು ಒಳಗೆ ಸಿಕ್ಕಿಕೊಂಡಿರುತ್ತವೆ. ಕೊಡವುವ ಮೊದಲು ತುದಿಯಿಂದ ಎತ್ತಿ ನೋಡಬೇಕು. ಮುದುಕಿಯ ಮಾತನ್ನು ಉದ್ದಕ್ಕ ಅವರಿಗೆ ಹೇಳಿದಳು. ಇಸ್ತ್ರಿ ಮನೆಯ ಹಡಗಿನ ಹೆಂಗಸರಿಗೂ ಹೇಳಿದಳು. ಕೆಲವರು ಮುಖ ತಿರುಗಿಸಿದರು. ಕೆಲವರು ಮನೆಗೆ ಹೋಗಿ ತಮ್ಮ ಮುದುಕಿಯರನ್ನು ಕೇಳಿದರು.

ಚಾದರದ ಗುಡ್ಡ ಮತ್ತೆ ಬೆಳೆಯಿತು. ಮಾಲೀಕ ಇಸ್ತ್ರಿ ಮನೆಗೆ ಬಂದ. ರೋಲರಿನ ಮುಂದೆ ಹಡಗಿನವರ ಹುಡುಗಿ ಒಂದು ತುದಿಯಲ್ಲಿ, ಗಡಿಯವರ ಹುಡುಗಿ ಇನ್ನೊಂದು ತುದಿಯಲ್ಲಿ ನಿಂತಿದ್ದರು.

"ಮೇಸ್ತ್ರಿ, ಯಂತ್ರ ಪದೇ ಪದೇ ನಿಲ್ತಾ ಇದೆಯಂತೆ. ಅದು ನನ್ನ ಕಿವಿಗೆ ಬೀಳದ ಹಾಗೆ ನೋಡ್ಕೋ" ಎಂದ ಹೊಸ ಮೇಸ್ತ್ರಿಗೆ.

ಗಿಡ್ಡಿಯ ಗಂಡ ಬಹಳ ಹೊತ್ತು ಕೆಮ್ಮಿದ. ಆಮೇಲೆ ಒಂದು ಹರಿದ ಚಾದರದಿಂದ ಪಟ್ಟೆ ಸೀಳಿದ. ಸ್ಟೂಲು ಹತ್ತಿದ.

ಮೂಲೆಯಲ್ಲಿ ಗುಡಿಸುತ್ತಿದ್ದ ಗಿಡ್ಡಿ ಪೊರಕೆ ಬಿಸಾಕಿ ಬಂದಳು. ಹುಡುಗಿಯ ಕೈಯಿಂದ ಚಾದರದ ತುದಿ ಕಿತ್ತುಕೊಂಡು, ಎಡಗೈಯಲ್ಲಿ ಹಿಡಿದು, ಉರುಳೆಯ ಮುಂದೆ ನಿಂತಳು.

"ಕಟ್ಟು. ನನಗಿನ್ನೂ ಒಂದು ಕೈ ಇದೆ."

ಅವನ ಕೈ ಸರಳಿನ ಮೇಲೇ ನಿಂತಿತು. ಪಟ್ಟೆ ಜಾರಿ ಕೆಳಗೆ ಬಿತ್ತು. ಸ್ಟೂಲಿನ ಮೇಲೆ ನಿಂತಿದ್ದಂತೆಯೇ ಅವನು ಮಗುವಿನ ಹಾಗೆ ಅತ್ತುಬಿಟ್ಟ. ಇನ್ನೊಂದು ತುದಿಯಲ್ಲಿದ್ದ ಹಡಗಿನ ಹುಡುಗಿ ಚಾದರ ಬಿಟ್ಟು ಹಿಂದೆ ಸರಿದಳು. ಮಡಚುವವರು ಮಡಚುವುದು ಬಿಟ್ಟರು. ಬಟ್ಟೆಯ ಗಾಡಿ ತಳ್ಳಿಕೊಂಡು ಬಂದ ಉದ್ದಕ್ಕ ಗಾಡಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿದಳು. ಉರುಳೆಗಳು ಬರಿದೇ ತಿರುಗಿದವು.

"ಕೈಯಿಟ್ಟವರು ಸಾಯಲಿ ಅಂತ ಇನ್ನು ಯಾರೂ ಕಟ್ಟಲ್ಲ ಯಜಮಾನ್ರೇ" ಎಂದಳು ಉದ್ದಕ್ಕ. "ನಾವೂ ಕಟ್ಟಲ್ಲ, ಅವರೂ ಕಟ್ಟಲ್ಲ."

ಮಾಲೀಕ ಕಿರುಚಲಿಲ್ಲ. ಕಿಟಕಿಯ ಕಡೆ ಬೆರಳು ತೋರಿಸಿದ. "ಗೇಟಿನ ಹತ್ತಿರ ನೋಡಿ. ಯಾರೋ ಹೊಸಬರು ಬಂದು ಬೆಳಿಗ್ಗೆಯಿಂದ ಕೂತಿದಾರೆ. ಅಟ್ಟ ಖಾಲಿ ಮಾಡಿಸೋಕೆ ನಂಗೆಷ್ಟು ಹೊತ್ತು ಬೇಕು?"

ಎಲ್ಲರೂ ನೋಡಿದರು. ಗಂಟುಮೂಟೆ, ಬಿಸಿಲಿಗೆ ಬಾಡಿದ ಮುಖಗಳು, ಹೆಗಲ ಮೇಲೆ ಮಕ್ಕಳು. ಯಾವ ದಿಕ್ಕಿನಿಂದ ಬಂದವರೋ.

ಉದ್ದಕ್ಕ ಗಾಡಿ ಸರಿಸಿ ಹೊರಗೆ ನಡೆದಳು. ಗಿಡ್ಡಿ ಅವಳ ಹಿಂದೆ ಬಂದಳು. ಅವರ ಹಿಂದೆ ಇನ್ನೂ ಕೆಲವರು. ಗೇಟಿನ ಹತ್ತಿರ ಕೂತಿದ್ದ ಹೆಂಗಸೊಬ್ಬಳು ಇವರನ್ನು ಕಂಡು ಗಡಬಡಿಸಿ ಎದ್ದು ನಿಂತು, "ಯಾವ ಕೆಲಸ ಆದರೂ ಮಾಡ್ತೀವಿ ಅಕ್ಕಾ" ಎಂದಳು.

"ಮಾಡುವೆಯಂತೆ. ಮೊದಲು ಕೂತ್ಕೋ, ನೀರು ಕುಡಿ" ಎಂದಳು ಉದ್ದಕ್ಕ. "ಆಮೇಲೆ ಇವಳ ಕೈ ನೋಡು."

ಗಿಡ್ಡಿ ಶಾಲಿನೊಳಗಿಂದ ಬಲಗೈಯನ್ನು ಹೊರಗೆ ತೆಗೆದು, ಮೊಂಡು ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆಯನ್ನು ಎಡಗೈಯಿಂದ ಬಿಚ್ಚತೊಡಗಿದಳು.