ಸಿಸ್ಟರ್ ಕೊಂಡ ಮನೆ

ಸಾಲ ತೀರದೆ ಬ್ಯಾಂಕಿನವರು ಹರಾಜಿಗಿಟ್ಟ ಆ ಮನೆಯನ್ನು ಕೊಂಡವಳು ಒಬ್ಬ ನಿವೃತ್ತ ನರ್ಸ್. ಊರಿಗೆಲ್ಲ ಅವಳು ಸಿಸ್ಟರ್. ಹುಟ್ಟಿದ ಮೇಲೆ ಇದೇ ಮೊದಲ ಸ್ವಂತ ಮನೆ. ಒಳಗೆ ಮಾತ್ರ ಹಳೆಯ ಮಾಲೀಕ ಟೈಲರೂ ಅವನ ಹೆಂಡತಿಯೂ ಎರಡು ಹೊಲಿಗೆ ಮಿಷನ್ನುಗಳ ಸಮೇತ ಇನ್ನೂ ಬೀಡುಬಿಟ್ಟಿದ್ದರು.

"ಪೊಲೀಸರನ್ನ ಕರೆಸಿ ಎಬ್ಬಿಸಿಬಿಡಿ" ಎಂದ ಅವಳ ವಕೀಲ. ಸಿಸ್ಟರ್ ಒಪ್ಪಲಿಲ್ಲ. ವಾಸಿಯಾದರೂ ವಾರ್ಡಿನ ಮಂಚ ಬಿಡದ ಎಂತೆಂಥ ಮೊಂಡರನ್ನೋ ಬೆಣ್ಣೆಯಿಂದ ಕೂದಲು ತೆಗೆದಂತೆ ಮನೆಗೆ ಕಳಿಸಿದ ಕೈ ಅವಳದು.

ಮೊದಲ ಭಾನುವಾರ ಟೈಲರು ಬಾಗಿಲನ್ನು ಅರ್ಧ ತೆರೆದು, "ಏನು, ಗೋಡೆ ಅಳತೆ ತಗೊಳ್ಳೋಕೆ ಬಂದ್ರಾ?" ಎಂದು ಕುಟುಕಿದ.

ಸಿಸ್ಟರ್ ಜಗ್ಗಲಿಲ್ಲ. "ಎಲ್ಲಿಗೆ ಹೋಗೋದು ಅಂತ ತಾನೇ ಚಿಂತೆ? ನಡೀರಿ, ಮೂರೂ ಜನ ಸೇರಿ ಬಾಡಿಗೆ ಮನೆ ಹುಡುಕೋಣ."

ಅಲ್ಲಿಂದಾಚೆ ಪ್ರತಿ ಭಾನುವಾರ ಅದೇ ಕೆಲಸವಾಯಿತು. ನಾಲ್ಕಾರು ಮನೆಗಳ ಮೆಟ್ಟಿಲು ಹತ್ತಿಳಿದು, ಕಾಲು ಸೋತ ಮೇಲೆ ಮರಳಿ ಬಂದು, ಟೈಲರನ ಹೆಂಡತಿ ಮಾಡಿಕೊಟ್ಟ ಟೀ ಕುಡಿಯುವುದು. ಟೈಲರು ಊರ ದೊಡ್ಡವರ ಹೊಟ್ಟೆಯ ಸುತ್ತಳತೆ ಹೇಳುತ್ತಿದ್ದ. ಸಿಸ್ಟರ್ ಬಿದ್ದು ಬಿದ್ದು ನಗುತ್ತಿದ್ದಳು. ತನ್ನ ಒಂಟಿ ಕೋಣೆಗೆ ಮರಳಿದರೆ ಮುಂದಿನ ಭಾನುವಾರದವರೆಗೆ ಅವಳ ಬಾಯಿಗೆ ಕೆಲಸವೇ ಇರಲಿಲ್ಲ.

ಎಡವಟ್ಟು ಶುರುವಾದದ್ದೇ ಅಲ್ಲಿಂದ. ಟೈಲರಿಗೆ ಹಿಡಿಸಿದ ಮನೆ ಸಿಸ್ಟರಿಗೆ ಹಿಡಿಸದು. "ಇಲ್ಲಿ ಗಾಳಿ ಆಡಲ್ಲ." "ಬಚ್ಚಲು ಜಾರುತ್ತೆ, ಸೊಂಟ ಮುರ್ಕೋತೀರಾ." "ಈ ಬೆಳಕಲ್ಲಿ ಸೂಜಿಗೆ ದಾರ ಪೋಣಿಸ್ತೀರಾ?" ಅವರನ್ನು ಖಾಲಿ ಮಾಡಿಸಲು ಹೊರಟವಳೇ ಹೀಗೆ ಕೊಕ್ಕೆ ಹಾಕುತ್ತ ಐದು ತಿಂಗಳು ಕಳೆದಳು. ವಕೀಲ ತಲೆ ಚಚ್ಚಿಕೊಂಡ. ಇವರು ಹೋದರೆ ತಾನು ಹೋಗಿ ಕೂತು ನಾಲ್ಕು ಮಾತಾಡಲು ಇನ್ನೊಂದು ಮನೆಯಿಲ್ಲ ಎಂಬುದನ್ನು ಅವನಿಗೆ ಹೇಗೆ ಹೇಳುವುದು?

ಆಮೇಲೊಂದು ಭಾನುವಾರ ಅವಳು ಬಂದಾಗ ಗೇಟಿನ ಮುಂದೆ ಲಾರಿ ನಿಂತಿತ್ತು. ಮಿಷನ್ನುಗಳು ಆಗಲೇ ಮೇಲೇರಿದ್ದವು.

"ಮನೆ ಸಿಕ್ತು ಸಿಸ್ಟರ್" ಎಂದಳು ಟೈಲರನ ಹೆಂಡತಿ.

"ನಂಗೆ ತೋರಿಸ್ಲೇ ಇಲ್ವಲ್ಲ!"

"ತೋರಿಸಿದ್ರೆ ಅದ್ರಲ್ಲೂ ಹುಳುಕು ಹುಡುಕ್ತಿದ್ರಿ" ಎಂದು ಟೈಲರು ನಕ್ಕ.

ಸಿಸ್ಟರಿಗೆ ನಗು ಬರಲಿಲ್ಲ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟಳು. "ಹೋಗ್ಬೇಡಿ. ನಂಗೆ ಹಿಂದಿನ ಕೋಣೆ ಒಂದಿದ್ರೆ ಸಾಕು. ಬಾಡಿಗೆ ಗೀಡಿಗೆ ಏನೂ ಬೇಡ. ಒಟ್ಟಿಗೆ ಇದ್ಬಿಡೋಣ."

ಟೈಲರು ಮುಖ ತಿರುಗಿಸಿ ಲಾರಿಯ ಹಗ್ಗ ಬಿಗಿಯತೊಡಗಿದ. ಅವನ ಹೆಂಡತಿ ಬೀಗದ ಕೈಯನ್ನು ಸಿಸ್ಟರಿನ ಅಂಗೈಯಲ್ಲಿಟ್ಟು, ತಾನೇ ಅವಳ ಬೆರಳುಗಳನ್ನು ಮಡಚಿದಳು.

"ನೀವು ಒಳ್ಳೆಯವ್ರು ಅಕ್ಕಾ. ಆದ್ರೆ ನಮ್ಮದಾಗಿದ್ದ ಮನೇಲಿ ಇನ್ನೊಬ್ರ ಹಂಗಲ್ಲಿ ಇರೋಕೆ ನಮ್ಮ ಕೈಲಾಗಲ್ಲ."

ಅಕ್ಕಾ ಎಂದು ಕರೆದದ್ದು ಅದೇ ಮೊದಲು. ಲಾರಿ ಬೀದಿಯ ಕೊನೆಯಲ್ಲಿ ತಿರುಗುವವರೆಗೂ ಸಿಸ್ಟರ್ ಗೇಟು ಹಿಡಿದು ನಿಂತಿದ್ದಳು. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, ಆ ಹೊಸ ಮನೆ ಯಾವ ಬೀದಿಯಲ್ಲಿದೆ ಎಂದು ತಾನು ಕೇಳಲೇ ಇಲ್ಲವೆಂಬುದು ಹೊಳೆಯಿತು. ಅವರೂ ಹೇಳಿರಲಿಲ್ಲ.