ಮಲಗುವ ಕೆಲಸ

ಹಾಸಿಗೆ ಅಂಗಡಿಯ ಯಜಮಾನ ಗಾಜಿನ ಕಿಟಕಿಯೊಳಗೆ ಮಂಚ ಹಾಕಿ, ಅದರ ಮೇಲೆ ದಿನವಿಡೀ ನಿದ್ದೆ ಮಾಡಿ ತೋರಿಸಲು ಆಳು ಬೇಕೆಂದು ಬೋರ್ಡು ತಗುಲಿಸಿದ. ಹೋಗಿ ಸೇರಿದವರು ಊರಿಗೆಲ್ಲ ನಿದ್ದೆಗೇಡಿಯೆಂದೇ ಹೆಸರಾದ ನಮ್ಮ ಸಿಗ್ನಲ್ ಮಾವ. ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವುದು ಇದಕ್ಕೇ.

ಮಾವ ಮೂವತ್ತು ವರ್ಷ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತು ರೈಲುಗಳನ್ನು ದಾಟಿಸಿದವರು. ಅಲ್ಲಿ ಕಣ್ಣು ಮುಚ್ಚಿದರೆ ಯಾರದ್ದೋ ಮನೆ ಮುಳುಗಿತು. ನಿವೃತ್ತರಾಗಿ ಎರಡು ವರ್ಷವಾದರೂ ಕಣ್ಣಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಮಾತ್ರೆ, ಬಿಸಿ ಹಾಲು, ಡಾಕ್ಟರ ಬುದ್ಧಿವಾದ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಸಂಬಳ ಕೊಟ್ಟು ಮಲಗಿಸಿದರಾದರೂ ಒಂದು ಜೊಂಪು ಹತ್ತೀತೆಂದು ಇಲ್ಲಿಗೆ ಬಂದಿದ್ದರು.

ಹತ್ತಲಿಲ್ಲ. ಆದರೆ ಮಲಗಿದವನ ಮುಂದೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಯಾವ ಗಂಡನಿಗೆ ಗಟ್ಟಿ ಹಾಸಿಗೆ ಬೇಕು, ಯಾವ ಹೆಂಡತಿ ಬೆನ್ನುನೋವೆಂದು ಸುಳ್ಳು ಹೇಳುತ್ತಿದ್ದಾಳೆ, ಎಲ್ಲವನ್ನೂ ಮಾವ ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಂಡು ತುಟಿಯಂಚಿನಲ್ಲೇ ಯಜಮಾನನಿಗೆ ವರದಿ ಮಾಡುತ್ತಿದ್ದರು. ವ್ಯಾಪಾರ ಕುದುರಿತು.

"ನೀವು ಅಪ್ಪಿತಪ್ಪಿನೂ ನಿದ್ದೆ ಮಾಡ್ಬೇಡಿ ಮಾವ," ಎಂದ ಯಜಮಾನ. ಮಾವನಿಗೆ ಅಳು ಬರುವುದೊಂದು ಬಾಕಿ.

ಒಂದು ಮಧ್ಯಾಹ್ನ ಮಾವನ ಹೆಂಡತಿ, ನಮ್ಮ ಅತ್ತೆ, ಬುತ್ತಿ ತಂದು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತರು. ಮಾವ ಉಂಡು ಮಲಗಿದ್ದೇ ಶುರುಮಾಡಿದರು.

"ಬಾಗಿಲ ಹತ್ರ ನೀಲಿ ಅಂಗಿಯವನು ಅರ್ಧ ಗಂಟೆಯಿಂದ ನಿಂತಿದಾನೆ. ಮೂಲೆ ಫ್ಯಾನ್ ಕಿರ್ ಅಂತಿದೆ. ಆ ಮಗು ದಿಂಬು ಎಳೀತಿದೆ, ನೋಡ್ಕೋ."

ಅತ್ತೆಗೆ ರೇಗಿಹೋಯಿತು. ಹಿಂದೆ ಕ್ಯಾಬಿನ್ನಿಗೆ ತಿಂಡಿ ಒಯ್ದಾಗ ಬದಲಿ ಡ್ಯೂಟಿಯವನು ಹೇಳುತ್ತಿದ್ದ ಮಾತು ಬಾಯಿಗೆ ಬಂತು.

"ರೀ, ಚಾರ್ಜ್ ನಾನು ತಗೊಂಡೆ. ನಿಮ್ಮ ಡ್ಯೂಟಿ ಮುಗೀತು."

ಆ ಮಾತು ಕೇಳದೆ ಮಾವ ಮೂವತ್ತು ವರ್ಷದಲ್ಲಿ ಒಂದು ದಿನವೂ ಕ್ಯಾಬಿನ್ನಿನ ಮೆಟ್ಟಿಲಿಳಿದವರಲ್ಲ. ಕೊನೆಯ ದಿನ ಮಾತ್ರ ಕೈಗಡಿಯಾರ ಕೊಟ್ಟು ಭಾಷಣ ಮಾಡುವ ಗಲಾಟೆಯಲ್ಲಿ ಅದನ್ನು ಹೇಳುವುದು ಎಲ್ಲರಿಗೂ ಮರೆತುಹೋಗಿತ್ತು.

"ಸರಿ," ಎಂದರು ಮಾವ. ಆಮೇಲೆ ಬಂದದ್ದು ಗೊರಕೆ.

ಎಚ್ಚರವಾದಾಗ ಬೀದಿ ದೀಪ ಹತ್ತಿತ್ತು. ಯಜಮಾನ ಮುಖ ಸಿಂಡರಿಸಿಕೊಂಡು ದೂರ ನಿಂತಿದ್ದ. ಎಬ್ಬಿಸಲು ಬಂದಾಗಲೆಲ್ಲ ಅತ್ತೆ ಬುತ್ತಿಯ ಮುಚ್ಚಳ ಎತ್ತಿ ಗದರಿಸಿದ್ದರಂತೆ. ಅವರು ಸ್ಟೂಲು ಬಿಟ್ಟು ಕದಲಿರಲಿಲ್ಲ.

"ನೀಲಿ ಅಂಗಿಯವನು ಹೆಂಡತೀನ ಕರ್ಕೊಂಡು ಬಂದ, ಅವಳಿಗೆ ಮೆತ್ತಗಿರೋದೇ ಬೇಕಂತೆ. ಫ್ಯಾನ್ ಆರಿಸೋಕೆ ಹೇಳ್ದೆ. ಮಗು ದಿಂಬು ಬಿಡ್ಲಿಲ್ಲ, ಅವರಪ್ಪ ಕೊಂಡ್ಕೊಂಡ. ಯಜಮಾನ್ರು ಎರಡು ಸಲ ಬೈದ್ರು."

ವರದಿ ಒಪ್ಪಿಸುತ್ತಿದ್ದಾಗಲೇ ಅತ್ತೆಯ ರೆಪ್ಪೆ ಎಳೆಯುತ್ತಿತ್ತು. ಆಗ ಮಾವನಿಗೆ ಹೊಳೆಯಿತು. ಈ ಎರಡು ವರ್ಷ ತಾವು ಎದ್ದು ಚಿಲಕ ನೋಡಿ ಬಂದಾಗಲೆಲ್ಲ ಕತ್ತಲಲ್ಲಿ "ಏನ್ರೀ?" ಎಂದು ಕೇಳಿದವಳು ಇವಳೇ. ಒಂದು ಸಲವಾದರೂ ಆ ದನಿಯಲ್ಲಿ ನಿದ್ದೆ ಇತ್ತೇ? ಮಾವನಿಗೆ ನಾಚಿಕೆಯಾಯಿತು.

ಮಂಚದಿಂದಿಳಿದು ಅತ್ತೆಯ ಭುಜ ಮುಟ್ಟಿದರು. "ಚಾರ್ಜ್ ತಗೊಂಡೆ ಕಣೆ. ಮಲ್ಕೋ."

ಅತ್ತೆ ಮಂಚ ಹತ್ತಿದರು. ಅಂಗಡಿ ಮುಚ್ಚುವ ಹೊತ್ತಾಯಿತೆಂದು ಯಜಮಾನ ಬಾಯಿ ತೆರೆದ. ಮಾವ ಬುತ್ತಿಯ ಮುಚ್ಚಳ ಎತ್ತಿಕೊಂಡರು.