ಲೂರ್ದಮ್ಮ ಸಿಸ್ಟರಿನ ಉಡಿ

ಸಿರುಗುಪ್ಪದ ಸಿಸ್ಟರ್ ಶಾಲೆಯಲ್ಲಿ ಯಾರಿಗಾದರೂ ಬೀಳ್ಕೊಡುಗೆ ಎಂದರೆ ಜನ ಮೊದಲು ಕೇಳುತ್ತಿದ್ದುದು ಊಟಕ್ಕೇನು ಎಂದಲ್ಲ, ಪಕ್ಕೀರಮ್ಮ ಎಷ್ಟು ಹೊತ್ತಿಗೆ ಅಳಲು ಶುರು ಮಾಡುತ್ತಾಳೆ ಎಂದು. ಆ ಶಾಲೆಯ ಆಯಾ ಆಕೆ. ಆಕೆ ಕೂತು ಅತ್ತಳೆಂದರೆ ಕಾಲುವೆಗೆ ನೀರು ಬಿಡದಿದ್ದರೂ ಎರಡನೇ ಬೆಳೆ ಭತ್ತ ಬರುತ್ತದೆ ಎಂದು ಊರಿನ ಗಂಡಸರು ನಗುತ್ತಿದ್ದರು. ಡ್ರಿಲ್ ಮಾಸ್ತರು ಹೊರಟಾಗ ಅತ್ತಳು. ಮಳೆಗಾಲದಲ್ಲಿ ಬಂದು ದಸರೆಗೆ ಬಿಟ್ಟುಹೋದ ಕಂಪ್ಯೂಟರ್ ಮಿಸ್ಸಿಗೂ, ಆಕೆಯ ಹೆಸರು ಸಹ ಗೊತ್ತಿರದೆ, ಹೊಟ್ಟೆ ಹಿಡಿದುಕೊಂಡು ಅತ್ತಳು. ಹಳೆ ನೀರಿನ ಟ್ಯಾಂಕನ್ನು ಗುಜರಿಯವನು ಒಯ್ದ ದಿನವೂ ಸೆರಗಿನಲ್ಲಿ ಮೂಗು ಒರೆಸಿಕೊಂಡಳು ಎನ್ನುತ್ತಾರೆ. ಅದು ಸ್ವಲ್ಪ ಹೆಚ್ಚಾಯಿತು, ಆದರೆ ಪೂರ್ತಿ ಸುಳ್ಳೂ ಅಲ್ಲ.

ಅಂಥವಳು, ಹೆಡ್‌ಮಿಸ್ ಲೂರ್ದಮ್ಮ ಸಿಸ್ಟರಿಗೆ ಬಳ್ಳಾರಿಗೆ ವರ್ಗವಾಯಿತೆಂಬ ಸುದ್ದಿ ಕೇಳಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. ಗೇಟಿನ ಹೊರಗೆ ಬಂದು ಹುಸೇನ್ ಬೀಯ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹುಸೇನ್ ಬೀ ಅಲ್ಲಿ ಪೇರಲ, ಸೌತೆಕಾಯಿ ಹೆಚ್ಚಿ ಉಪ್ಪುಖಾರ ಹಚ್ಚಿ ಮಾರುವವಳು. ಪಕ್ಕೀರಮ್ಮನ ಹಾಗೆ ಗಂಡನನ್ನು ಮಣ್ಣಿಗೆ ಕೊಟ್ಟವಳು, ಇವಳಿಗಿಂತ ಬಾಯಿ ಜೋರು.

"ಏನ್ ಬೇ, ಕಣ್ಣೀರು ಖಾಲಿ ಆದವೇನು? ಟ್ಯಾಂಕಿಗೇ ಅತ್ತಾಕಿ, ಸಿಸ್ಟರಿಗೆ ಅಳಂಗಿಲ್ಲೇನು?"

"ಸುಮ್ಕಿರಲೇ. ನಂಗೊಂದು ವಿಚಾರ ಬಂದೈತಿ."

"ನಿಂಗ ವಿಚಾರ ಬಂತಂದ್ರ ನನ್ನ ಯಾಪಾರ ಹಾಳು. ಹೇಳು."

"ಸಿಸ್ಟರಿಗೆ ಉಡಿ ತುಂಬಿ ಕಳಸಬೇಕು."

ಹುಸೇನ್ ಬೀಯ ಚಾಕು ಸೌತೆಕಾಯಿಯ ನಡುವೆಯೇ ನಿಂತಿತು. "ಗಂಡ ಇಲ್ಲ, ಮಕ್ಕಳಿಲ್ಲ. ಆಕಿಗ್ಯಾತರ ಉಡಿ?"

"ಮನಿ ಬಿಟ್ಟು ಹೊಂಟ ಹೆಣ್ಣುಮಗಳನ್ನ ಬರೇ ಸೆರಗಿನ್ಯಾಗ ಕಳಸತಾರೇನು? ಇದು ಆಕಿ ತವರು ಅಲ್ಲೇನು?"

ತವರಿನಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಉತ್ತತ್ತಿ, ಮೇಲೊಂದು ರವಿಕೆ ಹೊಲಿಸುವ ಕುಬಸದ ಬಟ್ಟೆ ಹಾಕಿ ಕಳಿಸುವುದು ಈ ಕಡೆಯ ಪದ್ಧತಿ. ಉಡಿ ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿ ಅಕ್ಕಿ ತೆಗೆದು, ತುಂಬಿದವಳ ಸೆರಗಿಗೆ ವಾಪಸು ಹಾಕಬೇಕು. ತವರು ತಣ್ಣಗಿರಲಿ, ನಾನು ತಿರುಗಿ ಬರುತ್ತೇನೆ ಎಂದು ಅದರ ಅರ್ಥ. ಆ ಹಿಡಿ ಹಾಕಿದ ಹೆಣ್ಣು ಸಮುದ್ರದ ಆಚೆ ಹೋದರೂ ಬಂದೇ ಬರುತ್ತಾಳೆ ಎಂದು ಪಕ್ಕೀರಮ್ಮನ ನಂಬಿಕೆ. ಒಂದೇ ತೊಡಕು. ಉಡಿ ತುಂಬುವ ಕೈ ಮುತ್ತೈದೆಯದಾಗಿರಬೇಕು.

ಅದರ ರುಚಿ ಪಕ್ಕೀರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆಕೆಯ ತವರು ಕುರುಗೋಡು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಗಂಡ ಸತ್ತ ವರ್ಷ ಅಲ್ಲಿಗೆ ಹೋದಾಗ, ಅಣ್ಣನ ಹೆಂಡತಿ ಸೀರೆಯೊಂದನ್ನು ಕ್ಯಾರಿಬ್ಯಾಗಿನಲ್ಲಿ ಹಾಕಿ, ತಲಬಾಗಿಲಲ್ಲಿ ನಿಂತೇ ಕೈಗೆ ಕೊಟ್ಟಳು. ಅಕ್ಕಿಯ ಮಾತೇ ಇಲ್ಲ. ಅಂದಿನಿಂದ ಪಕ್ಕೀರಮ್ಮ ಕುರುಗೋಡಿನಲ್ಲಿ ಒಂದು ರಾತ್ರಿ ಮಲಗಿಲ್ಲ.

ಆ ಹೊತ್ತಿನಲ್ಲಿ ಆಕೆಯನ್ನು ಮನೆ ಮೂಲೆಯಿಂದ ಎಬ್ಬಿಸಿ ತಂದವಳು ಲೂರ್ದಮ್ಮ ಸಿಸ್ಟರ್. ತಂದವಳು ಹಿತ್ತಲಲ್ಲಿ ಪಾತ್ರೆ ತಿಕ್ಕಲು ಹಚ್ಚಿದಳೇ? ಇಲ್ಲ. ಗೇಟಿನಲ್ಲೇ ನಿಲ್ಲಿಸಿ ಗಂಟೆ ಬಾರಿಸಲು ಹಚ್ಚಿದಳು. ಬೆಳಗೆದ್ದು ಮಕ್ಕಳು ರಂಡೆಯ ಮುಖ ನೋಡಬೇಕೇ ಎಂದು ಕೆಲವರು ಗೊಣಗುತ್ತಾ ಬಂದರು. ಸಿಸ್ಟರ್ ಅವರನ್ನು ಕೂಡಿಸಿ, ಚಹಾ ಕುಡಿಸಿ, ಬಂದ ದಾರಿಗೇ ಕಳಿಸಿದಳು. ಅಷ್ಟೂ ವರ್ಷ ಆ ಶಾಲೆಯ ಮಕ್ಕಳು ದಿನಾ ಪಕ್ಕೀರಮ್ಮನ ಮುಖ ನೋಡಿಯೇ ಒಳಗೆ ಹೋದರು. ಅದರಿಂದ ಯಾರೂ ಕೆಡಲಿಲ್ಲ. ಒಬ್ಬ ಪಿಎಸ್‌ಐ ಕೂಡ ಆದ.

ಸಿಸ್ಟರಿನ ಊರು ಆದವಾನಿ ಕಡೆ, ಮಾತೃಭಾಷೆ ತೆಲುಗು. ಒಮ್ಮೆ ಕ್ರಿಸ್‌ಮಸ್ಸಿಗೆ ಇಬ್ಬರೂ ಕೂತು ಗೋದಲಿಗೆ ಭತ್ತದ ಹುಲ್ಲು ಹಾಸುತ್ತಿದ್ದಾಗ ಆಕೆ ಹೇಳಿದ್ದಳು: "ನಮ್ಮ ಅಕ್ಕಂದಿರಿಬ್ಬರಿಗೂ ಅಮ್ಮ ಒಡಿ ಬಿಯ್ಯಂ, ಅದೇ ನಿಮ್ಮ ಉಡಿ ಅಕ್ಕಿ, ಹಾಕಿ ಕಳಿಸಿದಳು, ಪಕ್ಕೀರಮ್ಮಾ. ನಾನು ಸಿಸ್ಟರಾಗಲು ಮಠಕ್ಕೆ ಹೊರಟ ದಿನ ಅಮ್ಮ ಅಡಿಗೆ ಮನೆಯಿಂದ ಹೊರಗೇ ಬರಲಿಲ್ಲ. ಗಂಡನ ಮನೆಗೆ ಹೋಗದ ಮಗಳಿಗೆ ಒಡಿ ಯಾತಕ್ಕೆ ಅಂದಳಂತೆ. ಈಗ ಅಮ್ಮನೂ ಇಲ್ಲ." ಹೇಳಿ, ನಕ್ಕು, ಹುಲ್ಲಿನ ಮೇಲೆ ಬಾಲಯೇಸುವನ್ನು ಮಲಗಿಸಿದಳು. ಅಷ್ಟೇ ಮಾತು. ಆದರೆ ಪಕ್ಕೀರಮ್ಮನ ಹೊಟ್ಟೆಯಲ್ಲಿ ಅದು ಹಾಗೇ ಕೂತುಬಿಟ್ಟಿತ್ತು.

ಕುಬಸದ ಬಟ್ಟೆ ತರಲು ಪಕ್ಕೀರಮ್ಮ, ಹುಸೇನ್ ಬೀ ಇಬ್ಬರೂ ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋದರು. ಸಿಸ್ಟರ್ ಉಡುವುದು ಬಿಳಿ ಸೀರೆಯಲ್ಲವೇ ಎಂದು ಪಕ್ಕೀರಮ್ಮ ಬಿಳಿಯದನ್ನೇ ಕೇಳಿದಳು. ಅಂಗಡಿಯವನು ಗಜಕೋಲು ಕೆಳಗಿಟ್ಟ.

"ಉಡಿ ತುಂಬಾಕ ಬಿಳಿ ಕೇಳ್ತೀಯಲ್ಲಮ್ಮ, ತಲಿ ಸುದ್ದ ಐತೇನು? ಕೆಟ್ಟ ಕಾರ್ಯಕ್ಕ ಒಯ್ಯೋ ಬಣ್ಣ ಅದು."

ಪಕ್ಕೀರಮ್ಮ ಹೆದರಿ ತಕ್ಷಣ ಕೆಂಪು ಅಂಚಿನ ಹಸಿರು ಬಟ್ಟೆ ಕೊಂಡಳು.

"ಹಸರು ಕುಬಸ ಹೊಲಿಸ್ಕಂಡು ಸಿಸ್ಟರ್ ಪೂಜಿಗೆ ನಿಂತ್ರ ರೋಮಿನಿಂದ ದೊಡ್ಡ ಸ್ವಾಮಿಗೋಳು ಬಳ್ಳಾರಿ ಬಸ್ ಹತ್ತಿ ಬರ್ತಾರ, ನೋಡ್ತಿರು," ಎಂದಳು ಹುಸೇನ್ ಬೀ.

"ಬರ್ಲಿ. ಬಂದೋರಿಗೆ ನಿನ್ನ ಸೌತಿಕಾಯಿ ತಿನ್ಸಿ ಕಳಸೋಣು."

ಬೀಳ್ಕೊಡುಗೆ ಬಂತು. ಏಪ್ರಿಲ್ ತಿಂಗಳು. ಶಾಮಿಯಾನದ ನೆರಳಲ್ಲೇ ಹಪ್ಪಳ ಸುಡಬಹುದಿತ್ತು. ಮೊದಲು ಪ್ರಾರ್ಥನೆ, ಆಮೇಲೆ ಮಕ್ಕಳ ಕುಣಿತ, ಆಮೇಲೆ ಭಾಷಣ. ಆಡಳಿತ ಮಂಡಳಿಯ ಚಂದ್ರಣ್ಣನವರು ಮಾತಾಡಲು ನಿಂತಾಗ ಒಂದನೇ ಕ್ಲಾಸಿನಲ್ಲಿದ್ದ ಕೂಸು ಅವರು ಕೂರುವ ಹೊತ್ತಿಗೆ ನಾಲ್ಕನೇ ಕ್ಲಾಸು ಪಾಸಾಗಿರಬೇಕು. ಸಿಸ್ಟರ್ ಮಾತ್ರ ಕೊನೆತನಕ ನಗುತ್ತಲೇ ಕೂತಿದ್ದಳು. ಬಹಳ ಸೊರಗಿದ್ದಳು. ಸೀರೆಯ ನೆರಿಗೆಗಳು ಹೊಟ್ಟೆಯ ಮುಂದೆ ಹೊರೆಯ ಹಾಗೆ ನಿಂತಿದ್ದವು. ಕೇಳಿದವರಿಗೆಲ್ಲ ಬಿಸಿಲು ಎಂದಿದ್ದಳು. ಬಳ್ಳಾರಿಯಲ್ಲಿ ಆಫೀಸಿನ ಕೆಲಸ, ಆರಾಮ ಎಂದಿದ್ದಳು.

ಕೊನೆಗೆ ಪಕ್ಕೀರಮ್ಮ ಮುಚ್ಚಿದ ಮೊರ ಹಿಡಿದು ವೇದಿಕೆ ಹತ್ತಿದಳು. ಜೊತೆಯಲ್ಲಿ ಎರಡನೇ ಕ್ಲಾಸಿನ ದುರ್ಗಾದೇವಿ ಮಿಸ್. ಕೈತುಂಬ ಬಳೆ, ಹಣೆತುಂಬ ಕುಂಕುಮ. ಉಡಿ ತುಂಬಲು ಆಕೆಯೇ ಸೈ ಎಂದು ಪಕ್ಕೀರಮ್ಮ ಮೊದಲೇ ಒಪ್ಪಿಸಿಟ್ಟಿದ್ದಳು. ಮೊರದ ಮೇಲಿನ ಬಟ್ಟೆ ಸರಿಸಿದ ಕೂಡಲೇ ಸಿಸ್ಟರ್ ಎದ್ದು ನಿಂತಳು. ನಗು ನಿಂತುಹೋಯಿತು.

"ಒಡಿ ಬಿಯ್ಯಮಾ? ನನಗಾ?"

"ಹೂಂನ್ರಿ ಸಿಸ್ಟರ್. ಸೆರಗು ಹಿಡೀರಿ. ದುರ್ಗಾದೇವಿ ಮಿಸ್ ತುಂಬ್ತಾರ."

ಸಿಸ್ಟರ್ ಸೆರಗು ಹಿಡಿದಳು. ಆದರೆ ತಿರುಗಿದ್ದು ಪಕ್ಕೀರಮ್ಮನ ಕಡೆ. "ನೀನೇ ಹಾಕು."

"ನಾನು ಬ್ಯಾಡ್ರಿ ಯವ್ವಾ."

"ಯಾಕೆ ಬೇಡ? ನೀನು ಕುಂಕುಮ ಇಟ್ಟಿಲ್ಲ, ನಾನೂ ಇಟ್ಟಿಲ್ಲ. ಸರಿ ಜೋಡಿ. ಹಾಕು."

ಮಕ್ಕಳು ಗೊಳ್ಳೆಂದು ನಕ್ಕವು. ಪಕ್ಕೀರಮ್ಮ ನಗಲಿಲ್ಲ. ಬ್ರೂಸ್‌ಪೇಟೆಯ ಅಂಗಡಿಯವನ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಸೊರಗಿದ ಈ ಜೀವಕ್ಕೆ ತನ್ನ ಕೈಯ ಅಕ್ಕಿಯಿಂದ ಏನಾದರೂ ಆದರೆ?

"ನನ್ನ ಕೈ ಬ್ಯಾಡ್ರಿ ಸಿಸ್ಟರ್. ನಿಮ್ಮ ಕಾಲಿಗೆ ಬೀಳ್ತೀನಿ. ಇದೊಂದು ನನ್ನ ಮಾತು ಕೇಳ್ರಿ."

ಸಿಸ್ಟರ್ ಒಂದು ಗಳಿಗೆ ಆಕೆಯ ಮುಖವನ್ನೇ ನೋಡಿದಳು. ಆಮೇಲೆ ಸೆರಗನ್ನು ದುರ್ಗಾದೇವಿಯ ಕಡೆ ತಿರುಗಿಸಿದಳು. ದುರ್ಗಾದೇವಿ ಐದು ಬೊಗಸೆ ತುಂಬಿದಳು, ಹಸಿರು ಬಟ್ಟೆ ಮೇಲಿಟ್ಟಳು. ಸಿಸ್ಟರ್ ಒಂದು ಹಿಡಿ ಅಕ್ಕಿ ತೆಗೆದಳು. ದುರ್ಗಾದೇವಿ ತನ್ನ ಸೆರಗು ಒಡ್ಡಿ ನಿಂತಿದ್ದಳು. ಆ ಹಿಡಿ ಆಕೆಯನ್ನು ದಾಟಿ ಪಕ್ಕೀರಮ್ಮನ ಮುಂದೆ ಬಂತು.

"ಇದಾದರೂ ನೀನು ತಗೋ. ನನ್ನ ತವರು ನೀನು."

ಪಕ್ಕೀರಮ್ಮನ ಕೈ ಸೆರಗಿಗೆ ಹೋಗಿತ್ತು. ಇನ್ನು ಒಡ್ಡಬೇಕು, ಅಷ್ಟರಲ್ಲಿ ಹೆದರಿಕೆ ಬಂದು ಕೈ ಹಿಡಿಯಿತು. ಮುತ್ತೈದೆಗೆ ಸೇರಬೇಕಾದದ್ದು ತನ್ನ ಸೆರಗಿಗೆ ಬಿದ್ದರೆ ತಿರುಗಿ ಬರುವ ದಾರಿಯೇ ಕಟ್ಟಿಹೋದೀತು ಎನ್ನಿಸಿತು. ಸೆರಗನ್ನು ಸೊಂಟಕ್ಕೆ ಬಿಗಿದು, ಸಿಸ್ಟರಿನ ಮುಚ್ಚಿದ ಮುಷ್ಟಿಯನ್ನು ಎರಡೂ ಕೈಯಿಂದ ಮೆಲ್ಲಗೆ ಹಿಡಿದು, ದುರ್ಗಾದೇವಿಯ ಸೆರಗಿನ ಮೇಲೆ ಒಯ್ದಳು. ಮುಷ್ಟಿ ತಕ್ಷಣ ಬಿಚ್ಚಲಿಲ್ಲ. ಆಮೇಲೆ ಬಿಚ್ಚಿತು.

"ಕ್ರಿಸ್‌ಮಸ್ಸಿಗೆ ಬರ್ತೀರಲ್ರೀ? ಗೋದಲಿಗೆ ಹುಲ್ಲು ತಂದಿಟ್ಟಿರ್ತೀನಿ."

ಸಿಸ್ಟರ್ ಆಕೆಯ ಕೆನ್ನೆ ಮುಟ್ಟಿದಳು.

ಶ್ರಾವಣದಲ್ಲಿ ದುರ್ಗಾದೇವಿ ಮಿಸ್ಸಿಗೆ ಫೋನು ಬಂತು. ಸಿಸ್ಟರಿನ ಹೊಟ್ಟೆಯಲ್ಲಿ ಗಡ್ಡೆ ಇತ್ತಂತೆ. ಬಳ್ಳಾರಿಗೆ ಹೋಗುವ ಮೊದಲೇ ಗೊತ್ತಿತ್ತಂತೆ. ಮಕ್ಕಳ ಕುಣಿತ ಕೆಡುವುದು ಬೇಡ ಎಂದು ಯಾರಿಗೂ ಹೇಳಗೊಟ್ಟಿರಲಿಲ್ಲವಂತೆ. ಮಣ್ಣು ಮಾಡುವುದು ಇವತ್ತೇ ಮಧ್ಯಾಹ್ನ.

ಟೀಚರುಗಳು ಶಾಲೆಯ ವ್ಯಾನಿನಲ್ಲಿ ಹೊರಡುವುದಕ್ಕೆ ಮೊದಲೇ ಪಕ್ಕೀರಮ್ಮ ಹೊಸ ಅಕ್ಕಿ ಗಂಟು ಕಟ್ಟಿಕೊಂಡು ಸಿಕ್ಕ ಬಸ್ಸು ಹತ್ತಿದ್ದಳು. ಹುಸೇನ್ ಬೀ ಬುಟ್ಟಿಯನ್ನು ಗೇಟಿನ ಹತ್ತಿರವೇ ಬಿಟ್ಟು ಓಡಿ ಬಂದು ಪಕ್ಕದಲ್ಲಿ ಕೂತಳು. ಅರ್ಧ ದಾರಿಯವರೆಗೆ ಬಾಯಿ ಮುಚ್ಚಿದ ಹುಸೇನ್ ಬೀಯನ್ನು ಭೂಮಿ ಅದೇ ಮೊದಲು ನೋಡಿದ್ದು.

"ಗಂಟಿನ್ಯಾಗೇನೈತಿ?" ಎಂದು ಕೊನೆಗೆ ಕೇಳಿದಳು.

"ಅಕ್ಕಿ. ನಾನಽ ತುಂಬ್ತೀನಿ ಇವತ್ತು."

"ಬಿಡಂಗಿಲ್ಲೇನೋ ಬೇ, ಅಲ್ಲಿ."

"ಮುತ್ತೈದಿ ಕೈಯಿಂದ ತುಂಬ್ಸಿದ್ನೆಲ್ಲೇ. ನನ್ನ ಕೈಲಿಂದ ಒಂದು ಕಾಳೂ ಬೀಳದಂಗ ನೋಡ್ಕಂಡಿದ್ನೆಲ್ಲೇ. ಆದ್ರೂ ಹೋದ್ಲಲ್ಲ. ಹಂಗಾರ ನನ್ನ ಕೈದೇನು ತಪ್ಪಿತ್ತು? ಆಕಿ ಬಾಯಿಬಿಟ್ಟು ಕೇಳಿದ್ಲು. ಹಾಕು ಅಂದ್ಲು. ತಗೋ ಅಂದ್ಲು."

ಹುಸೇನ್ ಬೀ ಆಕೆಯ ಮೊಣಕಾಲ ಮೇಲೆ ಕೈಯಿಟ್ಟಳು. ಬಸ್ಸು ಕುರುಗೋಡಿನಲ್ಲಿ ನಿಂತಿತು. ಅಣ್ಣನ ಮನೆಯ ಓಣಿ ಕಿಟಕಿಯಿಂದ ಕಾಣುತ್ತಿತ್ತು. ಪಕ್ಕೀರಮ್ಮ ಆ ಕಡೆ ತಿರುಗಲಿಲ್ಲ.

ಬಳ್ಳಾರಿಯ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂಜೆ ಮುಗಿದಿತ್ತು. ಪೆಟ್ಟಿಗೆಯಲ್ಲಿ ಲೂರ್ದಮ್ಮ ಸಿಸ್ಟರ್ ಬಿಳಿ ಸೀರೆಯಲ್ಲಿ ಮಲಗಿದ್ದಳು. ಬೆರಳುಗಳಿಗೆ ಜಪಸರ ಸುತ್ತಿತ್ತು. ನಾಲ್ಕನೇ ಕ್ಲಾಸಿನ ಹುಡುಗಿಯಷ್ಟೇ ಆಗಿದ್ದಳು. ಪಕ್ಕೀರಮ್ಮ ಜನರ ಕಂಕುಳ ಕೆಳಗೆ ನುಸುಳಿ ಮುಂದೆ ಬಂದು ಗಂಟು ಬಿಚ್ಚಿದಳು. ಮಠದ ದೊಡ್ಡ ಸಿಸ್ಟರ್ ಅಡ್ಡ ಬಂದರು. ಮಂಗಳೂರಿನ ಕಡೆಯವರು, ಎತ್ತರದ ಹೆಂಗಸು.

"ಏನಮ್ಮ ಇದು, ಅಕ್ಕಿಯಾ? ಅದೆಲ್ಲ ಇಲ್ಲಿ ಮಾಡ್ಲಿಕ್ಕೆ ಆಗುದಿಲ್ಲ. ಹೂ ಇದ್ರೆ ಇಡಿ."

"ಆಕಿಗೆ ಉಡಿ ತುಂಬ್ಬೇಕ್ರಿ. ಸಿರುಗುಪ್ಪದಿಂದ ಬಂದೀನಿ. ನಾನು ಪಕ್ಕೀರಮ್ಮ ರೀ."

ದೊಡ್ಡ ಸಿಸ್ಟರ್ ಚಾಚಿದ ಕೈ ಹಿಂದೆ ತೆಗೆದುಕೊಂಡರು. "ಹಸಿರು ಬಟ್ಟೆಯ ಪಕ್ಕೀರಮ್ಮ ನೀವೇನಾ?"

"ಹೂಂನ್ರಿ."

"ನೋವು ತಡೀಲಿಕ್ಕೆ ಆಗದೆ ಹೋದಾಗ ಅದನ್ನೇ ಹೊಟ್ಟೆಗೆ ಕಟ್ಟಿಕೊಳ್ತಾ ಇದ್ರು. ಬಿಸಿನೀರಿನ ಚೀಲ ಬೇಡ, ಇದೇ ಬೆಚ್ಚಗಿದೆ ಅಂತಿದ್ರು. ಆ ಅಕ್ಕಿಯಲ್ಲಿ ಪಾಯಸ ಮಾಡಿಸಿ ನಮಗೆಲ್ಲ ಕೊಟ್ರು. ತವರಿನ ಅಕ್ಕಿ ಅಂತ." ಅವರು ಕಣ್ಣು ಒರೆಸಿಕೊಂಡು ಪಕ್ಕಕ್ಕೆ ಸರಿದರು. "ಬೇಗ ಮಾಡಿಯಮ್ಮ."

ಪಕ್ಕೀರಮ್ಮ ಸಿಸ್ಟರಿನ ಸೆರಗನ್ನು ಹೊಟ್ಟೆಯ ಮೇಲೆ ಬಿಡಿಸಿದಳು. ಸೀರೆಯ ಕೆಳಗೆ ಹಸಿರು ಬಟ್ಟೆಯ ಕೆಂಪು ಅಂಚು ಕಾಣುತ್ತಿತ್ತು, ಇನ್ನೂ ಕಟ್ಟಿಯೇ ಇತ್ತು. ಬರಿಹಣೆಯ ಹೆಂಗಸು ಬರಿಹಣೆಯ ಹೆಂಗಸಿಗೆ ಐದು ಬೊಗಸೆ ಅಕ್ಕಿ ಹಾಕಿದಳು. ಕೊಬ್ಬರಿ ಇಟ್ಟಳು, ಅರಿಶಿಣ ಕೊಂಬು ಇಟ್ಟಳು. ಒಂದು ಕಾಳೂ ಹೊರಗೆ ಚೆಲ್ಲಲಿಲ್ಲ. ಎಲ್ಲರಿಗೂ ಅತ್ತ ಕಣ್ಣು ಒಣಗಿದ ಬಾವಿಯ ಹಾಗೆ ಇತ್ತು.

ಮುಚ್ಚಳ ಹಿಡಿದವರು ಹತ್ತಿರ ಬಂದರು. ಪಕ್ಕೀರಮ್ಮ ಸರಿಯಲಿಲ್ಲ. ಸೊಂಟದಿಂದ ತನ್ನ ಸೆರಗು ಬಿಚ್ಚಿದಳು. ಅದರ ತುದಿಯನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದು, ಜಪಸರ ಸುತ್ತಿದ ಆ ಬೆರಳುಗಳ ಮುಂದೆ ಒಡ್ಡಿದಳು.

"ನಡಿ ಬೇ, ಆತಲ್ಲ," ಎಂದು ಹುಸೇನ್ ಬೀ ಆಕೆಯ ರಟ್ಟೆ ಹಿಡಿದಳು.

"ತಡಿಯೇ," ಎಂದಳು ಪಕ್ಕೀರಮ್ಮ, ಸೆರಗು ಇಳಿಸದೆ. "ಇನ್ನ ಒಂದು ಹಿಡಿ ಬರೋದೈತಿ ನಂದು."